ದಾವೆ ಹೂಡಬೇಕಾದವನು

ಹದಿನಾಲ್ಕು ತಿಂಗಳು ಕೋರ್ಟಿಗೆ ಅಲೆಸಿದ ಮೇಲೆ ನ್ಯಾಯಾಧೀಶರು ರಸ್ನಿದಾರಳಿಗೆ ಹೇಳಿದ್ದಿಷ್ಟೇ: ಗದ್ದೆ ಯಾರದೆಂಬುದು ಆಮೇಲಿನ ಮಾತು, ಅದನ್ನು ಕೇಳುವ ಹಕ್ಕೇ ನಿನಗಿಲ್ಲ. ಕುಲದ ಗದ್ದೆಯ ಪರವಾಗಿ ದಾವೆ ಹೂಡಬೇಕಾದವನು ಕುಲದ ಯಜಮಾನ, ಅಂದರೆ ಸೋದರಮಾವ.

ಸಮನ್ಸು, ರಾಜಿ ಮಾತುಕತೆ, ಉತ್ತರ, ಅದಕ್ಕೊಂದು ಮರುಉತ್ತರ, ಸಾಕ್ಷಿ, ಕೊನೆಗೆ ನ್ಯಾಯಾಧೀಶರೇ ಬೂಟು ಕಳಚಿ ಕೆಸರಿಗಿಳಿದು ಬದು ನೋಡಿಹೋದದ್ದು, ಎಲ್ಲವೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು.

"ನಾಟಿ ಮಾಡೋಳು ನಾನು, ಕಳೆ ಕೀಳೋಳು ನಾನು. ಅಜ್ಜಿಯಿಂದ ಅಮ್ಮಂಗೆ, ಅಮ್ಮನಿಂದ ನಂಗೆ ಬಂದ ಗದ್ದೆ. ಬಾಯಿ ಬಿಡೋಕೆ ಮಾತ್ರ ಗಂಡಸು ಬೇಕಾ?" ಎಂದು ವಕೀಲೆಯ ಮೇಲೆ ಹರಿಹಾಯ್ದಳು.

"ಬೇಕು ಅಕ್ಕ. ಮೊದಲೇ ಹೇಳಿದ್ದೆ, ನೀವು ಕೇಳಲಿಲ್ಲ. ಹೊಸದಾಗಿ ಹಾಕೋಣ, ಮಾವನ್ನ ಕರ್ಕೊಂಡ್ ಬನ್ನಿ."

ಕರೆತರುವುದು ಸುಲಭವೇ? ಗದ್ದೆಗೆ ಬೇಲಿ ಹಾಕಿ ನನ್ನದೆಂದು ಕೂತಿದ್ದ ಸೂತನ್ ಕಯೋ ಬೇರೆ ಯಾರೂ ಅಲ್ಲ, ಮಾವ ದಾತುಕ್ ಬಸಾನ ಹೆಂಡತಿಯ ಅಣ್ಣ. ಗಂಡಸರು ಹೆಂಡತಿಯ ಮನೆಯಲ್ಲಿ ಮಲಗಿ, ಅಕ್ಕತಂಗಿಯರ ಮನೆಯ ಯಜಮಾನಿಕೆ ಮಾಡುವ ಸೀಮೆ ಅದು. ಸಹಿ ಹಾಕಿದರೆ ಮಾವನಿಗೆ ಹೆಂಡತಿಯ ಮನೆಯ ಬಾಗಿಲು ಮುಚ್ಚಿದಂತೆಯೇ. ಪಾಪ ಎಂದುಕೊಂಡು ರಸ್ನಿದಾರ್ ಅವನನ್ನು ಕೇಳದೆ ತಾನೇ ದಾವೆ ಹೂಡಿದ್ದಳು. ಈಗ ಆ ಪಾಪವೆಲ್ಲ ಇಳಿದುಹೋಗಿತ್ತು.

ಕಾಫಿ ಅಂಗಡಿಯಲ್ಲಿ ಡಾಮಿನೋ ಆಡುತ್ತಿದ್ದ ಮಾವನ ಎದುರು ಹೋಗಿ ನಿಂತಳು.

"ನಿಮ್ಮ ಬಾವ ಗದ್ದೆ ನುಂಗ್ತಿದಾನೆ, ನೀವಿಲ್ಲಿ ಆಟ ಆಡ್ತಿದೀರಿ."

"ಮೆಲ್ಲಗೆ ಮಾತಾಡೇ! ಅರವತ್ತೆಂಟಾಯ್ತು ನಂಗೆ. ಈಗ ಎಲ್ಲಿ ಹೋಗಿ ಮಲಗ್ಲಿ? ಹೆಂಡ್ತಿ ಹೊರಗೆ ಹಾಕಿದ ಗಂಡಸನ್ನ ಊರು ಏನನ್ನುತ್ತೆ ಗೊತ್ತಾ?"

"ಊರ ಬಾಯಿಗೆ ಬೀಗ ಇಲ್ಲ ಮಾವ. ಆಗಲ್ಲ ಅಂದ್ರೆ ಹೇಳ್ಬಿಡಿ. ಶುಕ್ರವಾರ ಕುಲದವರನ್ನ ಸೇರಿಸಿ ನಿಮ್ಮ ಪಟ್ಟ ಇಳಿಸ್ತೀವಿ. ನನ್ನ ತಮ್ಮಂಗೆ ಕಟ್ತೀವಿ."

ಮಾವ ಆಟ ಅರ್ಧಕ್ಕೇ ಬಿಟ್ಟು ಎದ್ದುಹೋದ. ಆದರೆ ಗುರುವಾರ ವಕೀಲೆಯ ಕಚೇರಿಗೆ ಬಂದು ಸಹಿ ಹಾಕಿದ.

ಹೊಸ ದಾವೆ, ಮತ್ತೆ ಸಮನ್ಸು, ಮತ್ತೆ ರಾಜಿಯ ಕೋಣೆ. ಅರ್ಧ ಅರ್ಧ ಹಂಚಿಕೊಳ್ಳಿ ಎಂದರು ಮಧ್ಯಸ್ಥರು.

"ಅರ್ಧ ಕೊಡೋಕೆ ಅದು ನನ್ನದಲ್ಲ," ಎಂದ ಮಾವ. "ಹೆಂಗಸರದು. ನಾನು ಬರೀ ಅವರ ಬಾಯಿ."

ಸೂತನ್ ಕಯೋ ನಕ್ಕ. "ಇಲ್ಲಿ ಗೆದ್ರೂ ಪಾದಾಂಗಿಗೆ ಅಪೀಲು ಹೋಗ್ತೀನಿ, ಅಲ್ಲಿಂದ ಜಕಾರ್ತಕ್ಕೆ. ಅಷ್ಟರಲ್ಲಿ ನೀನು ಮಣ್ಣಾಗಿರ್ತೀಯ ಬಾವ."

"ಆಗ್ಲಿ. ಇನ್ನೊಬ್ಬ ಮಾವ ಎದ್ದು ನಿಲ್ತಾನೆ. ನಮ್ಮಲ್ಲಿ ಮಾವಂದಿರಿಗೇನು ಬರವಾ?"

ಇವನನ್ನು ಹೇಡಿ ಎಂದುಕೊಂಡಿದ್ದೆನಲ್ಲ ಎಂದು ರಸ್ನಿದಾರಳಿಗೆ ನಾಚಿಕೆಯಾಯಿತು. ಹೊರಬಂದಾಗ ಜಗಲಿಯ ಬೆಂಚಿನ ಕೆಳಗಿಂದ ಮಾವ ಒಂದು ಬಟ್ಟೆಗಂಟು ಎಳೆದುಕೊಂಡ. ಬೆಳಿಗ್ಗೆಯೇ ಹೆಂಡತಿ ಅವನನ್ನು ಮನೆಯಿಂದ ಹೊರಗೆ ಹಾಕಿದ್ದಳು.

"ನಿನ್ನ ಮನೆಗೆ ಗದ್ದೆ ಬದುವಿನ ಮೇಲೆ ಹೋಗೋಣ್ವೇನೇ? ಯಾರೂ ನೋಡಲ್ಲ," ಎಂದ ಸಣ್ಣ ದನಿಯಲ್ಲಿ.

ರಸ್ನಿದಾರ್ ಗಂಟನ್ನು ಕಿತ್ತುಕೊಂಡು ತಲೆಯ ಮೇಲಿಟ್ಟುಕೊಂಡಳು.

"ಮಸೀದಿ ಮುಂದಿನ ದೊಡ್ಡ ಬೀದೀಲೇ ಹೋಗೋದು ಮಾವ. ನೀವು ಮುಂದೆ ನಡೀರಿ."