ಹತ್ತಿಯ ಟೊಪ್ಪಿಗೆ

ತಿರುವನಂತಪುರದ ಹೊರಗೆ, ಕಡಲ ದಂಡೆಯಲ್ಲಿದ್ದ ಕೇಂದ್ರ ಸರ್ಕಾರದ ಸಂಸ್ಥೆಯೊಂದರಲ್ಲಿ ೧೯೭೧ರ ಬೇಸಗೆಗೆ ಹೊಸ ನಿಯಮ ಬಂತು. ರಾಕೆಟ್ಟಿನ ಮದ್ದು ಬೆರೆಸುವ ಶೆಡ್ಡಿನೊಳಗೆ ಉಣ್ಣೆ, ನೈಲಾನು ಕೂಡದು. ತಿಕ್ಕಾಟದಿಂದ ಕಿಡಿ ಹಾರಬಹುದು. ಎಲ್ಲರೂ ಸಂಸ್ಥೆ ಕೊಡುವ ಬಿಳಿ ಹತ್ತಿಯ ಟೊಪ್ಪಿಗೆಯನ್ನೇ ಹಾಕಬೇಕು.

ಆ ಶೆಡ್ಡಿನಲ್ಲಿ ಉಣ್ಣೆಯ ಟೊಪ್ಪಿಗೆ ಇದ್ದದ್ದು ಧಾರವಾಡದ ದಸ್ತಗೀರಸಾಬ ನದಾಫರಿಗೆ ಮಾತ್ರ. ಕರಿಯದು, ಎತ್ತರದ್ದು. ಕ್ಯಾಂಟೀನಿನ ಸೆಕೆಯಲ್ಲೂ ಅವರು ಅದನ್ನು ತೆಗೆದದ್ದನ್ನು ಯಾರೂ ಕಂಡಿರಲಿಲ್ಲ. ತೆಗೆಯಿರಿ ಎಂದು ಹೇಳುವುದು ಹೇಗೆ ಎಂದು ಮೇಲಧಿಕಾರಿ ಸಭೆ ಕರೆದರು. ಭಾಷೆ ಒಂದೇ ಎಂಬ ಕಾರಣಕ್ಕೆ ಆ ಕೆಲಸ ಅದೇ ಶೆಡ್ಡಿನಲ್ಲಿದ್ದ ಮೈಸೂರಿನ ಹಯವದನನ ತಲೆಗೆ ಬಂತು.

ಹಯವದನ ಕೆಲವು ದಿನ ಹವೆಯ ವಿಷಯ, ಕುಚ್ಚಲಕ್ಕಿಯ ವಿಷಯ ಮಾತಾಡಿದ. ಆಮೇಲೆ ಧೈರ್ಯ ಮಾಡಿದ.

"ನದಾಫರೇ, ತಪ್ಪು ತಿಳ್ಕೋಬೇಡಿ. ನಿಮ್ಮ ಟೊಪ್ಪಿಗೆ..."

"ಕಿಡಿ ಹಾರತೈತಿ. ನಾನೂ ಓದೇನ್ರಿ."

"ನಿಮ್ಮ ಧರ್ಮಕ್ಕೆ ಏನೂ ಅಡ್ಡಿ ಇಲ್ವಾ?"

"ತಲಿ ಮುಚ್ಚಿದ್ರ ಸಾಕ್ರಿ. ಉಣ್ಣೀದ ಆಗಬೇಕಂತ ಯಾರ್ ಹೇಳ್ಯಾರ? ಈ ಸೆಕಿಯೊಳಗ ನನಗೂ ಸಾಕಾಗೇತಿ."

"ಮತ್ತೆ ಯಾಕೆ ಹಾಕ್ಕೊಳ್ತಿದ್ರಿ?"

"ನಮ್ಮ ಮಾವ ಕೊಟ್ಟಿದ್ದು. ನಮ್ಮಾಕಿ ನೋಡ್ತಿರ್ತಾಳ."

ಅಲ್ಲಿಗೆ ಆ ಪ್ರಶ್ನೆ ಮುಗಿಯಿತು. ಹತ್ತಿಯ ಟೊಪ್ಪಿಗೆ ನಿಮಗೆ ಒಪ್ಪಿಗೆಯೇ ಎಂದು ಹಯವದನನನ್ನು ಯಾರೂ ಕೇಳಲಿಲ್ಲ.

ಒಂದು ಶುಕ್ರವಾರ ಬೆಳಗಿನ ಪಾಳಿ ಮುಗಿಸಿ ಇಬ್ಬರೂ ಬಸ್ಸಿನಲ್ಲಿ ಊರೊಳಗಿನ ಚಾಲೈ ಪೇಟೆಗೆ ಹೋದರು. ನದಾಫರಿಗೆ ನಮಾಜು, ಹಯವದನನಿಗೆ ಹುಣಸೆಹಣ್ಣು. ಬಸ್ಸಿನಲ್ಲಿ ಗಾಳಿಗೆಂದು ನದಾಫರು ಹತ್ತಿಯ ಟೊಪ್ಪಿಗೆ ತೆಗೆದು ಜೇಬಿಗಿಟ್ಟರು. ಹಯವದನನಿಗೆ ತನ್ನ ತಲೆಯ ಮೇಲೂ ಅಂಥದ್ದೊಂದು ಇದೆ ಎಂಬುದೇ ಮರೆತಿತ್ತು.

ಮಸೀದಿಯ ಬಾಗಿಲಲ್ಲಿ ತಲೆಗೆ ಬಿಳಿ ವಸ್ತ್ರ ಸುತ್ತಿದ್ದ ಮುದುಕನೊಬ್ಬ ಹಯವದನನ ತೋಳು ಹಿಡಿದ.

"ವಾ ಮೋನೇ, ನೇರಮಾಯಿ," ಬಾ ಮಗನೇ, ಹೊತ್ತಾಯಿತು, ಎಂದು ನೇರ ನೀರಿನ ತೊಟ್ಟಿಯ ಬಳಿಗೆ ಕರೆದೊಯ್ದ. ಹಯವದನನಿಗೆ ಮಲಯಾಳ ಅಷ್ಟು ಬೇಗ ಬಾಯಿಗೆ ಬರುತ್ತಿರಲಿಲ್ಲ. ಮರ್ಯಾದೆಗೆಂದು ಕೈಕಾಲು ತೊಳೆದುಕೊಂಡ. ಹಿಂದಿನಿಂದ ಬರಿದಲೆಯಲ್ಲಿ ಬಂದ ನದಾಫರನ್ನು ಮುದುಕ ಬೇಸರದಿಂದ ನೋಡಿದ.

"ಇಯಾಳ್ ಹಿಂದುವಾ," ಇವನು ಹಿಂದೂ, ಎಂದರು ನದಾಫರು.

"ಪಿನ್ನೆ ತೊಪ್ಪಿ?" ಮತ್ತೆ ಟೊಪ್ಪಿಗೆ?

"ಗವರ್ಮೆಂಟ್."

ಎಲ್ಲವೂ ತಿಳಿಯಿತೆಂಬಂತೆ ಮುದುಕ ತಲೆಯಾಡಿಸಿದ. ಹಯವದನನನ್ನು ಹೊರಗೆ ನೆರಳಿನ ಬೆಂಚಿನಲ್ಲಿ ಕೂರಿಸಿ, ಎದುರಿನ ಅಂಗಡಿಯಿಂದ ಕರಿ ಚಹಾ ತರಿಸಿಕೊಟ್ಟು, ತಾನು ಒಳಗೆ ಹೋದ. ನದಾಫರೂ ಟೊಪ್ಪಿಗೆ ಹಾಕಿಕೊಂಡು ಹಿಂಬಾಲಿಸಿದರು.

ತಡವಾಗಿ ಬಂದವರು ಓಡುತ್ತಲೇ ಹಯವದನನಿಗೆ ಸಲಾಮು ಹೇಳಿದರು. ಮೊದಲನೆಯವರಿಗೆ ಅವನು ಬರೀ ನಕ್ಕ. ಅದು ಸಾಲದೆನ್ನಿಸಿ, ಉಳಿದವರಿಗೆ ಚಹಾದ ಲೋಟ ಪಕ್ಕಕ್ಕಿಟ್ಟು, ಎದ್ದು ನಿಂತು ಸಲಾಮು ಮಾಡಿದ.

ನಮಾಜು ಮುಗಿಸಿ ಬಂದ ನದಾಫರು ಅವನ ತಲೆಯ ಕಡೆ ಕೈ ತೋರಿಸಿದರು.

"ಇನ್ನ ತಗೀರಿ ಹಯವದನರ, ಟೊಪ್ಪಿಗಿ."

"ಬಿಸಿಲಿದೆ," ಎಂದ ಹಯವದನ. "ಇರಲಿ ಬಿಡಿ."

ಇಬ್ಬರೂ ಹುಣಸೆಹಣ್ಣಿನ ಅಂಗಡಿಯ ಕಡೆಗೆ ನಡೆದರು.