ಮೇಷ್ಟ್ರ ಎಡಗಾಲು

ಗುಬ್ಬಿಯ ಗೊಬ್ಬರದಂಗಡಿಯ ಮಹಡಿ ಮೇಲೆ ಇಪ್ಪತ್ತೆರಡು ವರ್ಷದಿಂದ ಭರತನಾಟ್ಯ ಹೇಳಿಕೊಡುತ್ತಿದ್ದರೂ ಸ್ವರ್ಣಲತಾಳನ್ನು ಊರು ಕರೆಯುವುದು ‘ಡ್ಯಾನ್ಸ್ ಮಿಸ್ಸು’ ಅಂತಲೇ. ಸ್ಕೂಲ್ ಡೇ ಹತ್ತಿರ ಬಂತೆಂದರೆ ಹೆಡ್‌ಮಾಸ್ಟರುಗಳು ಹಲ್ಲು ಕಿರಿಯುತ್ತಾ ಬಂದು, ಸಿನಿಮಾ ಹಾಡಿಗೂ ನಾಲ್ಕು ಸ್ಟೆಪ್ ಹಾಕಿಸಿಕೊಡಿ ಎನ್ನುತ್ತಿದ್ದರು. ‘ನೃತ್ಯ ಸಂಯೋಜಕಿ’ ಎಂಬ ಮಾತು ಅವಳ ಹೆಸರಿನ ಪಕ್ಕ ಅಚ್ಚಾಗಿದ್ದು ಒಂದೇ ಕಡೆ, ಅವಳೇ ಮಾಡಿಸಿಕೊಂಡ ವಿಸಿಟಿಂಗ್ ಕಾರ್ಡಿನಲ್ಲಿ.

ಹೀಗಿರುವಾಗ ಅವಳೇ ಕಟ್ಟಿದ ನೃತ್ಯರೂಪಕ ಬೆಂಗಳೂರಿನ ಉತ್ಸವವೊಂದರ ಕೊನೆಯ ಸುತ್ತಿಗೆ ಬಂತು. ಎಂಟು ಹುಡುಗಿಯರು ರಾಗಿ ಪೈರು ನಾಟಿ ಹಾಕಿ, ಕಳೆ ಕಿತ್ತು, ಕಣ ಮಾಡುವ ರೂಪಕ. ಭಾನುವಾರ ಆಯ್ಕೆ ಸಮಿತಿಯವರು ತುಮಕೂರಿಗೆ ಬಂದು ನೋಡುವವರಿದ್ದರು. ಅರ್ಜಿಯಲ್ಲಿ ‘ನಿಮ್ಮ ಗುರುಪರಂಪರೆಯ ವಿಶೇಷವೇನು’ ಎಂಬ ಪ್ರಶ್ನೆಗೆ ಸ್ವರ್ಣಲತಾ ಹೆಮ್ಮೆಯಿಂದ ಬರೆದಿದ್ದಳು: ಪ್ರತಿ ಜತಿಯ, ಅಂದರೆ ಹೆಜ್ಜೆಗಳ ಗುಚ್ಛದ, ಮುಕ್ತಾಯದಲ್ಲಿ ಎಡಗಾಲನ್ನು ಅರೆಕ್ಷಣ ತಡೆದು ನೆಲಕ್ಕಿಡುವ ಹೆಜ್ಜೆ, ಬೇರೆಲ್ಲೂ ಇಲ್ಲದ್ದು. ಇಡೀ ರೂಪಕ ನಿಂತಿದ್ದೇ ಆ ಹೆಜ್ಜೆಯ ಮೇಲೆ. ಅದಕ್ಕೊಂದು ಶಾಸ್ತ್ರೀಯ ಹೆಸರೂ ಸಿಕ್ಕಿಬಿಟ್ಟರೆ ಸಮಿತಿಯ ಬಾಯಿ ಮುಚ್ಚುತ್ತದೆಂದು, ಶುಕ್ರವಾರ ಬಸ್ಸು ಹತ್ತಿ ಕುಣಿಗಲ್ಲಿಗೆ, ಗುರು ಅಂಜನಮೂರ್ತಿ ಮೇಷ್ಟ್ರ ಮನೆಗೆ ಹೋದಳು.

ಎಂಬತ್ತರ ಹತ್ತಿರದ ಮೇಷ್ಟ್ರು ಅವರೆಕಾಯಿ ಬಿಡಿಸುತ್ತಾ ಕೂತಿದ್ದರು. ಪ್ರಶ್ನೆ ಕೇಳಿ ಕೈಯಲ್ಲಿದ್ದ ಕಾಯಿ ಕೆಳಗಿಟ್ಟರು.

“ಹೆಸ್ರು ಏನೂ ಇಲ್ಲ ಕಣಮ್ಮ. ನೀನು ಕ್ಲಾಸಿಗೆ ಸೇರ್ಕೊಂಡ ವರ್ಷ ಸಿ.ಎಸ್. ಪುರದ ಹತ್ರ ಮೊಪೆಡ್ಡಿಂದ ಬಿದ್ದಿದ್ದೆ. ಎಡಮಂಡಿ ಹಿಡ್ಕೊಂಡಿತ್ತು. ಕಾಲು ಬೇಗ ಇಳೀತಿರ್ಲಿಲ್ಲ, ಅಷ್ಟೆ.”

ಗುರು ಮಾಡಿದ್ದನ್ನು ಹಾಗೇ ಮಾಡು, ಯಾಕೆಂದು ಕೇಳಬೇಡ ಎಂಬುದು ಕ್ಲಾಸಿನ ಮೊದಲ ಪಾಠ. ಅದನ್ನು ಚಾಚೂ ತಪ್ಪದೆ ಪಾಲಿಸಿದ ಪುಣ್ಯಾತ್ಗಿತ್ತಿ ಸ್ವರ್ಣಲತಾ, ಒಬ್ಬರ ಮಂಡಿನೋವನ್ನು ಶಾಸ್ತ್ರವೆಂದು ಕಲಿತು, ಗುಬ್ಬಿ, ಚೇಳೂರಿನ ಮುನ್ನೂರು ಗಟ್ಟಿಮುಟ್ಟಾದ ಮಕ್ಕಳಿಗೆ ಅಂಟಿಸಿದ್ದಳು. ಆಗಲೇ ಯಾಕೆ ತಿದ್ದಲಿಲ್ಲ ಎಂದು ಕೇಳಿದಳು. ಮಂಡಿ ವಾಸಿಯಾದ ಮೇಲೆ ತಿದ್ದೋಣ ಅಂದುಕೊಂಡೆ, ಅದು ವಾಸಿಯೇ ಆಗಲಿಲ್ಲ ಎಂದರು ಮೇಷ್ಟ್ರು. ನೀವೆಲ್ಲ ಒಟ್ಟಿಗೆ ಹಾಕಿದಾಗ ಚೆನ್ನಾಗಿಯೂ ಕಾಣುತ್ತಿತ್ತು ಎಂದು ಸಣ್ಣ ದನಿಯಲ್ಲಿ ಸೇರಿಸಿದರು. ಭಾನುವಾರ ತಾವೂ ಬರುವುದಾಗಿ ಹೇಳಿದರು. ಬೇಡ ಎನ್ನಲಾಗದೆ ಅವಳು ವಿಳಾಸ ಬರೆದುಕೊಟ್ಟಳು.

ಶನಿವಾರವಿಡೀ ಹೆಜ್ಜೆ ತಿದ್ದಲು ಹೆಣಗಿದಳು. ತಡೆಯುವುದನ್ನು ಬಿಟ್ಟರೆ ಪೈರು ನಾಟಿ ಹಾಕುವ ಹೆಂಗಸರು ಬಸ್ಸಿಗೆ ಓಡುವವರ ಹಾಗೆ ಕಂಡರು. ಹಿರಿಯ ಶಿಷ್ಯೆ ನಂದಿತಾ, ಕಾಲು ಮಾತೇ ಕೇಳುತ್ತಿಲ್ಲ ಮಿಸ್ ಎಂದು ನೆಲದ ಮೇಲೆ ಕೂತುಬಿಟ್ಟಳು. ಸಂಜೆಗೆ ಸ್ವರ್ಣಲತಾ ಸೋತು, ಹಳೆಯದನ್ನೇ ಹಾಕಿ ಎಂದಳು.

ಭಾನುವಾರ ತುಮಕೂರಿನ ತುಂಬಿದ ಸಭಾಂಗಣದಲ್ಲಿ ರೂಪಕ ಚೆನ್ನಾಗಿಯೇ ಮುಗಿಯಿತು. ಸಮಿತಿಯ ಹಿರಿಯ ಕಲಾವಿದೆ ಸಂಧ್ಯಾ ಕನ್ನಡಕ ತೆಗೆದು, ಈ ತಡೆದ ಹೆಜ್ಜೆ ತುಂಬ ಹಿಡಿಸಿತು, ಇದಕ್ಕೆ ಯಾವ ಗ್ರಂಥದ ಆಧಾರ ಎಂದು ಕೇಳಿದರು. ಒಂದು ಗ್ರಂಥ ಹುಟ್ಟಿಸುವುದು ಏನು ಮಹಾ ಕಷ್ಟ? ಎರಡು ಸಂಸ್ಕೃತ ಪದ ಸ್ವರ್ಣಲತಾಳ ನಾಲಿಗೆ ತುದಿಗೆ ಬಂದೂ ಇದ್ದವು. ಹಿಂದಿನ ಸಾಲಿನಲ್ಲಿ ಮೇಷ್ಟ್ರು ತಪ್ಪು ಮಾಡಿದವರಂತೆ ತಲೆ ತಗ್ಗಿಸಿ ಕೂತಿದ್ದರು. ಅವರನ್ನು ನೋಡಿ ಅವಳಿಗೆ ತನ್ನ ಬಗ್ಗೆಯೇ ನಾಚಿಕೆಯಾಯಿತು.

“ಗ್ರಂಥ ಇಲ್ಲ ಮೇಡಂ,” ಎಂದಳು. “ಅದು ನಮ್ಮ ಮೇಷ್ಟ್ರ ಮಂಡಿನೋವು. ನಾನು ಗೊತ್ತಿಲ್ದೆ ಕಲ್ತೆ. ಅರ್ಜೀಲಿ ಬರ್ದಿದ್ದು ತಪ್ಪು. ಆದ್ರೆ ಹೆಜ್ಜೆ ತೆಗೆಯಲ್ಲ.”

ಸಭೆ ಗೊಳ್ಳೆಂದಿತು. ಸಂಧ್ಯಾ ಮಾತ್ರ ನಗದೆ, ಮೇಷ್ಟ್ರು ವೇದಿಕೆಗೆ ಬರಬೇಕು ಎಂದರು.

ಮೇಷ್ಟ್ರು ಕೋಲೂರಿ ಎದ್ದರು. ಬಲಗಾಲು ಇಟ್ಟರು, ಎಡಗಾಲು ಎತ್ತಿ, ಅರೆಕ್ಷಣ ತಡೆದು, ಇಟ್ಟರು. ನಗು ಒಂದೊಂದೇ ಸಾಲಿನಲ್ಲಿ ನಿಂತುಹೋಯಿತು. ಹುಡುಗಿಯರ ಹೆಜ್ಜೆಗೆ ಬಾರಿಸಿದ್ದ ನಟ್ಟುವಾಂಗದ ತಾಳ ಇನ್ನೂ ಸ್ವರ್ಣಲತಾಳ ಕೈಯಲ್ಲೇ ಇತ್ತು. ಅವಳಿಗೇ ಅರಿವಿಲ್ಲದೆ ಅದು ಆ ನಡಿಗೆಗೆ ಬೀಳತೊಡಗಿತು. ವೇದಿಕೆಯ ಮೇಲೆ ಎಂಟು ಎಡಗಾಲುಗಳೂ ಮೇಲೆದ್ದವು. ಸಂಧ್ಯಾ ಅರ್ಜಿಯ ಮೇಲೆ ಒಪ್ಪಿಗೆ ಬರೆದು, ಉತ್ಸವದ ಆಹ್ವಾನಪತ್ರಿಕೆಯಲ್ಲಿ ನೃತ್ಯ ಸಂಯೋಜನೆ ಎಂಬಲ್ಲಿ ಈಕೆಯ ಹೆಸರು ದೊಡ್ಡದಾಗಿ ಹಾಕಿಸಿ ಎಂದು ಪಕ್ಕದವರಿಗೆ ಹೇಳಿದರು. ಸ್ವರ್ಣಲತಾಳ ಕಣ್ಣು ತುಂಬಿಕೊಂಡವು.

ಅರ್ಧ ದಾರಿಗೆ ಬಂದಿದ್ದ ಮೇಷ್ಟ್ರು ನಿಂತು, ಕ್ಲಾಸಿನ ದಿನಗಳ ಹಾಗೇ ಅವಳನ್ನು ಗದರಿದರು.

“ತಾಳ ಇನ್ನೊಂಚೂರು ನಿಧಾನ ಮಾಡೇ. ಕಾಲು ಆವಾಗಿನಷ್ಟು ಬೇಗ ಬರಲ್ಲ ಈಗ.”