ತೆಗೆಯದೆ ಉಳಿದ ಹೆಸರು

2024ರ ಆಗಸ್ಟ್ 13, ಮಂಗಳವಾರ, ಬೆಳಿಗ್ಗೆ 10 ಗಂಟೆ 40 ನಿಮಿಷ. ಸಂಪಿಗೆ ರಸ್ತೆಯ ರಕ್ತಪರೀಕ್ಷೆ ಲ್ಯಾಬಿನ ಡಾಕ್ಟರ್ ಯಶೋಧರಾ ಮಹಡಿ ಹತ್ತಿ ನಮ್ಮ ಕೋಣೆಗೆ ಬಂದರು. ಅವರ ಲ್ಯಾಬಿನ ಪ್ರೋಗ್ರಾಂ ನಾನು ರೂಪಿಸಿದ ಕಂಪ್ಯೂಟರ್ ಭಾಷೆಯಲ್ಲಿದೆ.

"ಶಿವಕುಮಾರಿ, ಪೊಟ್ಯಾಸಿಯಂ ವಿಪರೀತ ಜಾಸ್ತಿ ಅಂತ ಒಬ್ಬರನ್ನ ಆಸ್ಪತ್ರೆಗೆ ಕಳಿಸಿದ್ವಿ. ಅವರಿಗೆ ಏನೂ ಇಲ್ವಂತೆ. ವರದಿಯಲ್ಲಿ ಅವರ ಹೆಸರಿದ್ರೂ ಟ್ಯೂಬಿನ ನಂಬರ್ ಹನುಮಂತನಗರದ ಧರ್ಮರಾಜು ಅವರದು. ಕಿಡ್ನಿ ಪೇಷೆಂಟು. ಅವರಿಗಿನ್ನೂ ಯಾರೂ ಹೇಳಿಲ್ಲ."

ಆ ಮಟ್ಟದಲ್ಲಿ ಹೃದಯ ಯಾವ ಗಳಿಗೆಯಲ್ಲಾದರೂ ನಿಲ್ಲಬಹುದು. ಯಶೋಧರಾ ಅಲ್ಲೇ ನಿಂತು ಸ್ಪೀಕರ್ ಹಾಕಿ ಧರ್ಮರಾಜು ಮನೆಗೆ ಫೋನ್ ಮಾಡಿದರು. ಎತ್ತಿದವರು ಹೆಂಡತಿ ದ್ರೌಪದಮ್ಮ.

"ಧರ್ಮರಾಜು ಇದಾರಾ?"

"ಅವರು ಹೋಗ್ಬಿಟ್ರಲ್ಲಮ್ಮ."

ಯಶೋಧರಾ ನನ್ನ ಕಡೆ ತಿರುಗಿದರು.

"ಯಾಕಮ್ಮ ಸುಮ್ನಾದ್ರಿ? ಅಯ್ಯೋ, ಬಿಡ್ತು ಅನ್ನಿ! ತರಕಾರಿ ಮಂಡಿಗೆ ಕಣಮ್ಮ. ಹೋಗಿ ಬರ್ತೀನಿ ಅಂತ ಹೇಳೇ ಹೋಗವ್ರೆ!"

ದ್ರೌಪದಮ್ಮ ಕೊಟ್ಟ ಮಂಡಿಯ ನಂಬರಿಗೆ ಫೋನ್ ಹೋಯಿತು. ಪಕ್ಕದ ಅಂಗಡಿಯವರು ಧರ್ಮರಾಜು ಅವರನ್ನು ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದರು. ಯಶೋಧರಾ ಕೂಡ ಆಸ್ಪತ್ರೆಗೆ ಹೊರಟರು.

ತಪ್ಪು ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಒಂದು ಕೆಲಸ ನಡೆಯುವಷ್ಟು ಹೊತ್ತು, ಆ ಕೆಲಸಕ್ಕೆ ಮಾತ್ರ ಕಾಣುವ ಹೆಸರೊಂದನ್ನು ಇಡುವ ಸೌಲಭ್ಯ ನಮ್ಮ ಭಾಷೆಯಲ್ಲಿದೆ. ಮೊದಲು ‘ಇಡು’, ಮುಗಿದ ಮೇಲೆ ‘ತೆಗೆ’: ಎರಡು ಆಜ್ಞೆಗಳು. ಧರ್ಮರಾಜು ಅವರ ಪರೀಕ್ಷೆಯ ನಡುವೆ ತಪ್ಪಾಗಿ ಆಸ್ಪತ್ರೆಗೆ ಹೋದವರ ವರದಿ ಮುದ್ರಿಸಲು ಪ್ರೋಗ್ರಾಂ ಆ ವ್ಯಕ್ತಿಯ ಹೆಸರು ಇಟ್ಟಿತು. ಪ್ರಿಂಟರಿನಲ್ಲಿ ಕಾಗದ ಮುಗಿದು ಆ ಕೆಲಸ ಅರ್ಧಕ್ಕೆ ನಿಂತಿತು. ‘ತೆಗೆ’ ಎಂಬ ಸಾಲಿಗೆ ಪ್ರೋಗ್ರಾಂ ತಲುಪಲೇ ಇಲ್ಲ. ಧರ್ಮರಾಜು ಅವರ ರಕ್ತಕ್ಕೆ ಆ ಹೆಸರೇ ಅಂಟಿತು.

ಎರಡು ವರ್ಷದ ಹಿಂದೆಯೇ ನನ್ನ ಸಹೋದ್ಯೋಗಿ ಕೇದಾರ್ ಎರಡನ್ನೂ ಒಂದೇ ಆಜ್ಞೆ ಮಾಡೋಣ ಎಂದಿದ್ದ. ಪ್ರೋಗ್ರಾಂ ಬರೆಯುವವರಿಗೆ ಜವಾಬ್ದಾರಿ ಇರಬೇಕು ಎಂದು ನಾನೇ ತಳ್ಳಿಹಾಕಿದ್ದೆ.

"ಮೇಡಂ, ಮನೆ ಬಿಡುವಾಗ ಬೆಂಗಳೂರಲ್ಲಿ ಯಾರೂ ಬರೀ ‘ಹೋಗ್ತೀನಿ’ ಅನ್ನಲ್ಲ," ಎಂದ ಫೋನ್ ಕೇಳಿಸಿಕೊಂಡಿದ್ದ ಕೇದಾರ್. "ನಿಮ್ಮ ಭಾಷೆಲಿ ಮಾತ್ರ ಅಂತಾರೆ."

‘ಇಡು’, ‘ತೆಗೆ’ ಎರಡನ್ನೂ ಅಳಿಸಿದೆ. ಬದಲಿಗೆ ‘ಹೋಗಿಬಾ’ ಎಂಬ ಒಂದೇ ಆಜ್ಞೆ ಬರೆದೆ. ಒಳಗಿನ ಕೆಲಸ ಮುಗಿಯಲಿ, ಮುರಿದು ಬೀಳಲಿ, ಮೊದಲಿದ್ದ ಹೆಸರು ತಾನಾಗಿ ಮರಳುತ್ತದೆ. ಹಳೆಯ ಪ್ರೋಗ್ರಾಂಗಳೆಲ್ಲ ಕೆಡುತ್ತವೆ ಎಂದು ಕೇದಾರ್ ಎಚ್ಚರಿಸಿದ. ಕೆಡಲಿ, ಕೂತು ಸರಿಮಾಡೋಣ ಎಂದೆ. ಊಟಕ್ಕೆ ಇಬ್ಬರೂ ಏಳಲಿಲ್ಲ.

ಸಂಜೆ 4 ಗಂಟೆ 15 ನಿಮಿಷಕ್ಕೆ ಆಸ್ಪತ್ರೆಯಿಂದ ಯಶೋಧರಾ ಫೋನ್ ಮಾಡಿದರು. ಚಿಕಿತ್ಸೆಯ ನಂತರ ಧರ್ಮರಾಜು ಅವರ ರಕ್ತದಲ್ಲಿ ಪೊಟ್ಯಾಸಿಯಂ ಲೀಟರಿಗೆ 5.2 ಮಿಲಿಮೋಲ್‌ಗೆ ಇಳಿದಿತ್ತು, ಅಪಾಯದ ಮಟ್ಟಕ್ಕಿಂತ ಕೆಳಗೆ.